ಕಣ್ಣೊಳಗಿನ ಛತ್ರಿ

ಟಚಪ್ ಮಾಡದ ನಿಜ ಕತೆ ಹೇಳುತ್ತೇನೆ. ಇದ್ದ ಮಚ್ಚೆ ಅಳಿಸಿಲ್ಲ, ಇಲ್ಲದ ಮೀಸೆ ಬಿಡಿಸಿಲ್ಲ.

ನಮ್ಮ ಚಿಕ್ಕಪ್ಪನದು ಫೋಟೋ ಸ್ಟುಡಿಯೋ. ಸ್ಟೂಲಿನ ಮೇಲೆ ಯಾರೇ ಕೂತರೂ ಅವರ ಬಾಯಲ್ಲಿ ಒಂದೇ ಮಂತ್ರ: "ಗಲ್ಲ ಇಳ್ಸಿ... ಇನ್ನೊಂಚೂರು... ಅಯ್ಯೋ, ಅಷ್ಟಲ್ಲ!" ಹಾಗಾಗಿ ಬೀದಿಗೆಲ್ಲ ಅವರು ಗಲ್ಲದ ಮಾಮ. ಪರದೆಯ ಹಿಂದೆ ನಿಂತು ಅವರ ದನಿಯನ್ನು ನಾನು ಅನುಕರಿಸಿದರೂ ಸಾಕು, ಗಿರಾಕಿಗಳ ಗಲ್ಲ ತಾನಾಗಿ ಇಳಿಯುತ್ತದೆ. ಚಿಕ್ಕಪ್ಪ ನೆಗೆಟಿವ್ ಕಾಲದವರು. ಆದರೆ ತಮ್ಮ ಫೋಟೋದಲ್ಲಿ ಒಮ್ಮೆಯೂ 'ನಗೆಟಿವ್' ಆದವರಲ್ಲ. ಕೋಟು, ಟೈ, ಬಿಗಿದ ತುಟಿ, ಅಷ್ಟೇ.

ದೂರದೂರಲ್ಲಿರುವ ಅವರ ಮಗಳು, ಅಂದರೆ ನಮ್ಮಕ್ಕ, ಮನೆಮಂದಿಯನ್ನೆಲ್ಲ ಒಂದು ಆ್ಯಪಿಗೆ ಸೇರಿಸಿದಳು. ದಿನಕ್ಕೊಮ್ಮೆ, ಹೇಳದೆ ಕೇಳದೆ, ಅದು ಟಿಣಕ್-ಟಿಣ್ ಎಂದು ಹೊಡೆದುಕೊಳ್ಳುತ್ತದೆ. ಎರಡು ನಿಮಿಷದೊಳಗೆ ಇದ್ದ ಅವತಾರದಲ್ಲೇ ಫೋಟೋ ಹಾಕಬೇಕು. ಫೋನಿನ ಹಿಂದಿನ, ಮುಂದಿನ ಕ್ಯಾಮೆರಾ ಎರಡೂ ಒಟ್ಟಿಗೇ ಕಣ್ಣು ಬಿಡುತ್ತವೆ. ನಮ್ಮದನ್ನು ಹಾಕಿದರೆ ಮಾತ್ರ ಉಳಿದವರದು ಕಾಣುವುದು. ಚಿಕ್ಕಪ್ಪನಿಗೆ ಬೇಕಿದ್ದದ್ದು ಮೊಮ್ಮಗಳ ಮುಖ. ಅದಕ್ಕಾಗಿ ಗಂಟೆ ಹೊಡೆದ ಕೂಡಲೇ ಕೋಟು ಸಿಕ್ಕಿಸಿ, ಬಿಳಿ ಛತ್ರಿ ಕಟ್ಟಿದ ಸ್ಟುಡಿಯೋ ದೀಪ ಹಚ್ಚಿ, ಫೋನನ್ನು ನನ್ನ ಕೈಗೆ ಕೊಟ್ಟು ಗಲ್ಲ ಇಳಿಸುತ್ತಿದ್ದರು.

"ಅಪ್ಪಾ, ಇದು ಪಾಸ್‌ಪೋರ್ಟ್ ಆಫೀಸಲ್ಲ!" ಎಂದು ಅಕ್ಕ ರೇಗಿದಳು.

ಮರುದಿನ ಚಿಕ್ಕಪ್ಪ ಸಹಜವಾಗಿ ಕಾಣಲು ಪಟ್ಟ ಪಾಡು ಹೇಳತೀರದು. ಬಾಚಣಿಗೆ ಹಿಡಿದು ಅಚ್ಚುಕಟ್ಟಾಗಿ ತಲೆ ಕೆದರಿಕೊಂಡರು. ಅಂಗಿಯ ಮೇಲೊಂದು ಚಹಾದ ಕಲೆಯನ್ನು ಬ್ರಷ್ಷಿನಲ್ಲಿ ಬಿಡಿಸಿಕೊಂಡರು!

ಅಕ್ಕನ ಫೋನು ಬಂತು. "ಫೋಟೋ ದೊಡ್ಡದು ಮಾಡಿ ನೋಡ್ದೆ. ಎರಡು ಕಣ್ಣಲ್ಲೂ ಒಂದೊಂದು ಬಿಳಿ ಛತ್ರಿ! ಸ್ಟುಡಿಯೋ ಲೈಟಿಂದು. ಕಣ್ಣಲ್ಲಿ ಛತ್ರಿ ಹುಡುಕೋದು ನೀನೇ ತಾನೇ ನಂಗೆ ಕಲಿಸಿದ್ದು? ನಾಳೆನೂ ಕಂಡ್ರೆ ಗುಂಪಿಂದ ತೆಗೆದುಹಾಕ್ತೀನಿ. ನಿನ್ ಮೊಮ್ಮಗಳ ಮುಂದಿನ ಹಲ್ಲು ಬಿದ್ದಿದೆ. ನೋಡ್ಬೇಕಾದ್ರೆ ನಿಜವಾದ ಮುಖ ಹಾಕು."

"ನಿಜವಾದ ಮುಖಾನ ನಾನು ಕನ್ನಡೀಗೂ ತೋರ್ಸಿಲ್ಲವಲ್ಲೋ!" ಎಂದು ಚಿಕ್ಕಪ್ಪ ನನ್ನೆದುರು ಕೈಚೆಲ್ಲಿದರು.

ಮಾರನೆಯ ದಿನ ಸ್ಟೂಲಿನ ಮೇಲೆ ಒಬ್ಬ ವಕೀಲರು ಗಲ್ಲ ಇಳಿಸಿ ಕೂತಿದ್ದರು. ನಾನು ಪರದೆ ಹಿಂದಿನಿಂದ ಬಾಯಲ್ಲೇ ಗಂಟೆ ಹೊಡೆದೆ: "ಟಿಣಕ್-ಟಿಣ್!"

ಚಿಕ್ಕಪ್ಪ ಕ್ಯಾಮೆರಾ ಬಿಟ್ಟು ಕೋಟಿನತ್ತ ಹಾರಿದರು. ಫೋನು ನೋಡಿದರೆ ಏನೂ ಇಲ್ಲ. ಕೋಟು ಬಿಚ್ಚಿ ಬಂದರು. ಮತ್ತೆ ಟಿಣಕ್-ಟಿಣ್. ಮತ್ತೆ ಕೋಟಿಗೆ ಒಂದು ತೋಳು, ತಲೆಗೆ ಬಾಚಣಿಗೆ, ಅಂಗೈಗೆ ಪೌಡರ್. ಅಷ್ಟರಲ್ಲಿ ನನಗೆ ನಗು ತಡೆಯದೆ ಪರದೆ ಕುಲುಕಿತು.

"ಲೋ ಮಿಮಿಕ್ರಿ ಮಂಗಾ!" ಪೌಡರ್ ಡಬ್ಬಿ ಹಿಡಿದೇ ನುಗ್ಗಿ ಬಂದವರು, ಪೌಡರ್ ಮೆತ್ತಿದ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

ಟಿಣಕ್-ಟಿಣ್!

"ಇನ್ನೂ ಕೂಗ್ತೀಯಾ? ಮುಚ್ಚು ಬಾಯಿ!"

"ಮ್ಮ್... ಮ್ಮ್..."

ಟಿಣಕ್-ಟಿಣ್! ಚಿಕ್ಕಪ್ಪ ತಮ್ಮ ಅಂಗೈಯನ್ನೊಮ್ಮೆ, ಮೇಜಿನ ಮೇಲೆ ಕುಣಿಯುತ್ತಿದ್ದ ಫೋನನ್ನೊಮ್ಮೆ ನೋಡಿ ಬಾಯಿ ತೆರೆದರು. ನಾನು ಫೋನು ಕಸಿದು ಒತ್ತಿಯೇಬಿಟ್ಟೆ.

"ಅಳ್ಸೋ! ಎರಡೆರಡು ಗಲ್ಲ ಬಂದಿದೆ!"

ಆಗಲೇ ಹೋಗಿಯಾಗಿತ್ತು. ಒಂದರಲ್ಲಿ ಚಿಕ್ಕಪ್ಪ: ಕೋಟಿನ ಒಂದು ತೋಳು ಮೈಮೇಲೆ, ಇನ್ನೊಂದು ಗಾಳಿಯಲ್ಲಿ, ತಲೆಯಲ್ಲಿ ಸಿಕ್ಕಿಕೊಂಡ ಬಾಚಣಿಗೆ, ಗವಿಯಂಥ ಬಾಯಿ. ಪಕ್ಕದ್ದರಲ್ಲಿ ನಾನು, ಮುಖದ ತುಂಬ ಬಿಳಿ ಬೆರಳಚ್ಚು. ಮರುಕ್ಷಣ ಮೊಮ್ಮಗಳ ಫೋಟೋ ತೆರೆದುಕೊಂಡಿತು. ಹಲ್ಲು ಬಿದ್ದ ಜಾಗದಿಂದ ನಾಲಗೆ ಇಣುಕಿಸಿ ನಗುತ್ತಿದ್ದಳು. ಚಿಕ್ಕಪ್ಪ ಅದನ್ನೇ ನೋಡುತ್ತ ನಿಂತುಬಿಟ್ಟರು.

ಫೋನು ಬಂತು. ಆ ಕಡೆ ಅಕ್ಕ, ಮಗಳು ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. "ಅಪ್ಪಾ, ಇವತ್ತು ಛತ್ರೀನೇ ಇಲ್ಲ!"

ಚಿಕ್ಕಪ್ಪ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಸರಿಯಾಗಿ ನೋಡಮ್ಮಾ. ಪಕ್ಕದ ಫೋಟೋದಲ್ಲಿ ಮುಖಕ್ಕೆ ಪೌಡರ್ ಬಳ್ಕೊಂಡು ನಿಂತಿದೆಯಲ್ಲ, ಅದಕ್ಕಿಂತ ದೊಡ್ಡ ಛತ್ರಿ ನಮ್ಮ ವಂಶದಲ್ಲೇ ಇಲ್ಲ!"

ಅಷ್ಟರಲ್ಲಿ ಸ್ಟೂಲಿನಿಂದ ಒಂದು ಸಣ್ಣ ದನಿ: "ಸಾರ್, ನಾನಿನ್ನು ಗಲ್ಲ ಎತ್ತಬಹುದಾ?"

ಚಿಕ್ಕಪ್ಪ ನಕ್ಕ ನಗೆಗೆ ಗೋಡೆಯ ಮೇಲಿನ ಫ್ರೇಮುಗಳೆಲ್ಲ ಗಡಗಡ ಅಂದವು. ಅಕ್ಕ, ಮೊಮ್ಮಗಳು, ವಕೀಲರು, ನಾನು ಎಲ್ಲ ಸೇರಿ ನಕ್ಕರೂ ಅವರ ದನಿಯೇ ಮೇಲೆ. ಆ ನಗೆಯನ್ನು ಮಾತ್ರ ನನಗೆ ಇವತ್ತಿಗೂ ಅನುಕರಿಸಲು ಬಂದಿಲ್ಲ.