ಸಸಿ ಕಟ್ಟಿದ ಕಾಲು

"ಏ ಮುಂಡಿ, ಕುಂಡಿ ಎತ್ತಿ ಬಗ್ಗಿದ್ರ ನಾಟಿ ಆತೇನಲೇ? ಸಾಲು ನೋಡು, ಹಾವು ಹರದಂಗ ಐತಿ!"

ಮಾತಿನ ಹಿಂದೆಯೇ ಒಂದು ಹೆಂಟೆ ಕೆಸರು ಹಾರಿ ಬಂದು ಸುಂಕಮ್ಮನ ಬೆನ್ನಿಗೆ ಬಿತ್ತು. ಅವಳು ತಿರುಗಲಿಲ್ಲ. ಕೈಯಲ್ಲಿದ್ದ ಸಸಿಯನ್ನು ಕೆಸರಿಗೆ ಒತ್ತಿದಳು, ಒಂದು ಹೆಜ್ಜೆ ಹಿಂದೆ ಸರಿದು ಮತ್ತೊಂದು ಒತ್ತಿದಳು. ದೇಶನೂರಿನ ದೊಡ್ಡಬಸಪ್ಪ ಧಣಿ ಬದುವಿನ ಮೇಲೆ ನಿಂತು, ಬಗ್ಗಿದ ಹೆಂಗಸರ ಬೆನ್ನಿಗೆಲ್ಲ ಒಂದೊಂದು ಬೈಗುಳ ಹಂಚುತ್ತಿದ್ದ. ಆಳುಗಳ ಬೆನ್ನು ಅವನಿಗೆ ಚೆನ್ನಾಗಿ ಗೊತ್ತು. ಮುಖ ನೋಡುವ ದರ್ದು ಎಂದೂ ಬಿದ್ದಿರಲಿಲ್ಲ. ಹಾಗಾಗಿ ತೆಕ್ಕಲಕೋಟೆಯಿಂದ ನಾಟಿಗೆ ಬಂದ ಈ ಗುಂಪಿನ ಮೇಸ್ತ್ರಿ ಸುಂಕಮ್ಮ, ತಲೆಗೆ ಮುಖಕ್ಕೆ ಟವಲು ಸುತ್ತಿಕೊಂಡ ಹೆಂಗಸು, ತನ್ನ ಮೋಟರಿನ ಆಳು ರಾಮಾಂಜಿನಿಯ ಹೆಂಡತಿ ಎಂಬುದು ಅವನಿಗೆ ಹೊಳೆದಿರಲಿಲ್ಲ. ಮುಂಡೆ ಎಂದದ್ದೂ ಬಾಯಿಚಟಕ್ಕೆ. ಮುಂಡೆ ಮಾಡಿದವನು ತಾನೇ ಎಂಬ ನೆನಪಿನಿಂದಲ್ಲ.

ಎರಡು ವರ್ಷದ ಹಿಂದೆ ಈ ಭತ್ತದ ಮಡಿಯ ಆಚೆಗೆ, ಕಾಲುವೆಯ ದಂಡೆಯ ಮೇಲೆ, ಧಣಿಯ ಕಳ್ಳ ಮೋಟರಿತ್ತು. ನೀರು ಏರದಿದ್ದಾಗ ಅವನು ರಾಮಾಂಜಿನಿಯನ್ನು ಕಾಲುವೆಗೆ ಇಳಿಸಿದ. ಪೈಪಿನ ಬಾಯಿಗೆ ಸಿಕ್ಕ ಕಸವನ್ನು ಅವನು ಇನ್ನೂ ಕೀಳುತ್ತಿರುವಾಗಲೇ ಧಣಿ ತಾಳ್ಮೆಗೆಟ್ಟು ಸ್ಟಾರ್ಟರ್ ಒತ್ತಿದ. ಹರಕು ವೈರು ನೀರಿನಲ್ಲಿತ್ತು. ಬುತ್ತಿ ತಂದಿದ್ದ ಸುಂಕಮ್ಮ ಗಂಡ ಸೆಟೆದು ಮುಳುಗುವುದನ್ನು ಕಣ್ಣಾರೆ ಕಂಡಳು. ಪೊಲೀಸರು ಬರುವ ಹೊತ್ತಿಗೆ ಹೆಣದ ಕೈಗೆ ತಾಮ್ರದ ವೈರು ಸುತ್ತಲಾಗಿತ್ತು. "ವೈರು ಕದಿಯಾಕ ಬಂದು ಸತ್ತಾನ, ಬೋಳಿಮಗ" ಎಂದ ಧಣಿ. ಕಾಲುವೆಯ ನೀರು ಕದ್ದವನು ಬದುಕಿದ, ಕಳ್ಳನೆನಿಸಿಕೊಂಡು ಸತ್ತವನು ರಾಮಾಂಜಿನಿ. ಸುಳ್ಳು ಸುಳ್ಳು ಎಂದು ಕೂಗಿದ ಸುಂಕಮ್ಮನ ಬಾಯಿಗೆ ಧಣಿ ಮೆಟ್ಟಿನಿಂದ ಹೊಡೆದ. ಬಡವನ ಸಿಟ್ಟು ದವಡೆಗೆ ಮೂಲ ಎಂಬ ಗಾದೆ ಅಂದು ಅವಳ ಬಾಯಲ್ಲೇ ನಿಜವಾಯಿತು. ಮುಂದಿನ ಎರಡು ಹಲ್ಲು ಬಿದ್ದವು. ಸತ್ತ ಗಂಡನ ದಿನದ ಕಾರ್ಯ ಮುಗಿಯುವ ಮೊದಲೇ ಅವಳ ಗುಡಿಸಲನ್ನೂ ಕಿತ್ತು ಹಾಕಿಸಿದ.

ಮಗಳನ್ನು ಕಟ್ಟಿಕೊಂಡು ಅವಳು ಬಳ್ಳಾರಿಗೆ ಹೋದಳು. ಜೀನ್ಸ್ ತೊಳೆಯುವ ಶೆಡ್ಡಿನಲ್ಲಿ ಬ್ಲೀಚಿನ ನೀರು ಕೈಯ ಚರ್ಮ ತಿಂದಿತು. ಅಲ್ಲಿಂದ ತೆಕ್ಕಲಕೋಟೆಗೆ ಬಂದು ನಾಟಿಗೆ ಇಳಿದಳು. ತಗಡಿನ ಮನೆ ಕಟ್ಟಿದಳು, ತನ್ನಂಥವರ ಗುಂಪು ಕಟ್ಟಿದಳು. ಕಟ್ಟಲಾಗದೆ ಉಳಿದದ್ದು ಗಂಡನ ಹೆಸರೊಂದೇ. ಹೋದ ತಿಂಗಳು ಮಗಳು ರೇಣುಕಾಳನ್ನು ನೋಡಲು ಕುರುಗೋಡಿನಿಂದ ಗಂಡಿನವರು ಬಂದಿದ್ದರು. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗಲೇ ಯಾರೋ, "ದೇಶನೂರಿನ ಕಳ್ಳನ ಮಗಳಲ್ಲೇನು?" ಅಂದರು. ಬಂದವರು ತಟ್ಟೆ ಇಟ್ಟು ಎದ್ದರು. ಅವರು ಹೋದ ಮೇಲೆ ರೇಣುಕಾ ಮೆಲ್ಲಗೆ ಕೇಳಿದಳು: "ಅಪ್ಪ ಖರೇನ ಕದ್ದಿದ್ದನೇನವ್ವಾ?"

ತಿಂದ ಯಾವ ಏಟೂ ಸುಂಕಮ್ಮನನ್ನು ಹಾಗೆ ಸುಟ್ಟಿರಲಿಲ್ಲ. ದೇಶನೂರಿನ ನಾಟಿ ಎಂದಾಗ ಅವಳು ಒಲ್ಲೆ ಎನ್ನದೆ ಒಪ್ಪಿದ್ದು ಅದಕ್ಕೇ.

ಕೊನೆಯ ಮಡಿಯ ಕೊನೆಯ ಸಾಲು ಮುಗಿಯಿತು. ಗುಂಪಿನ ಹಿರಿಯಳು ಮಾರೆಮ್ಮ ಸೊಂಟ ಹಿಡಿದುಕೊಂಡು ಎದ್ದಳು.

"ಸುಂಕಿ, ಕಾಲು ಕಟ್ಟೂದು ಖರೇ ಏನು? ಇನ್ನೊಮ್ಮಿ ಇಚಾರ ಮಾಡವ್ವ."

"ಮಾಡೇ ಬಂದೀನಿ ಅಕ್ಕ."

ನಾಟಿ ಮುಗಿದ ದಿನ ಹೆಂಗಸರು ಉಳಿದ ಸಸಿಯಿಂದ ಹೊಲದೊಡೆಯನ ಕಾಲು ಕಟ್ಟುತ್ತಾರೆ. ಅವರು ಬೇಡಿದ್ದನ್ನು ಅವನು ಕೊಡಬೇಕು. ಕೊಡದೆ ಗಂಟು ಹರಿದು ಕಾಲು ಕಿತ್ತರೆ ಆ ಮಡಿ ಜೊಳ್ಳಾಗುತ್ತದೆ ಎಂದು ನಂಬಿಕೆ. ದೇವರಿಗೂ ಸುಳ್ಳು ಹೇಳಬಲ್ಲ ದೊಡ್ಡಬಸಪ್ಪನಿಗೆ ಭತ್ತದ ವಿಷಯದಲ್ಲಿ ಮಾತ್ರ ಭಯವಿತ್ತು. ಸುಂಕಮ್ಮ ಸಸಿಯ ಎಸಳು ಹೊಸೆದು ಅವನ ಕಣಕಾಲುಗಳನ್ನು ಸುತ್ತಿ ಗಂಟು ಹಾಕುವಾಗ ಅವನು ಮದುಮಗನ ಗತ್ತಿನಲ್ಲಿ ನಿಂತಿದ್ದ.

"ಹೂಂ, ಬೇಡ್ರಲೇ. ಕುರಿ ಬೇಕೇನು, ಸೀರಿ ಬೇಕೇನು?"

ಸುಂಕಮ್ಮ ಎದ್ದು ನಿಂತು ಟವಲು ಬಿಚ್ಚಿದಳು.

"ಒಂದು ಮಾತು ಬೇಕ್ರಿ ಧಣಿ. ರಾಮಾಂಜಿನಿ ಕಳ್ಳ ಅಲ್ಲ, ನಾನು ಸ್ಟಾರ್ಟರ್ ಒತ್ತಿದ್ದಕ್ಕ ಸತ್ತ ಅಂತ ಅನ್ರಿ. ಇಷ್ಟು ಮಂದಿ ಮುಂದ."

ಮುಖ ಅವನಿಗೆ ನೆನಪಾಗಲಿಲ್ಲ. ಹಲ್ಲಿಲ್ಲದ ಆ ಸಂದು ನೆನಪಾಯಿತು.

"ನೀನೇನಲೇ, ಆ ಕಳ್ಳಸೂಳಿಮಗನ ರಂಡಿ!"

ಅವನ ಕೈಯ ಬೆತ್ತ ಅವಳ ಕೆನ್ನೆಯ ಮೇಲೆ ಬಿತ್ತು. ಎರಡನೆಯದು ಕಿವಿಗೆ. ಸುಂಕಮ್ಮ ತತ್ತರಿಸಿದಳು, ಆದರೆ ಹಿಂದೆ ಸರಿಯಲಿಲ್ಲ. ತಡೆಯಲು ಬಂದ ಮಾರೆಮ್ಮನ ಮುಂಗೈಗೆ ಬಿದ್ದ ಏಟಿಗೆ ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಧಣಿಯ ಮೈ ಬೆವೆತಿತ್ತು, ಬಾಯಲ್ಲಿ ನೊರೆ ಬಂದಿತ್ತು, ಕೈ ಒಂದೇ ಸಮನೆ ಆಡುತ್ತಿತ್ತು. ಕಾಲು ಮಾತ್ರ ಅಲುಗಲಿಲ್ಲ. ಹಸಿ ಎಸಳಿನ ಆ ಗಂಟು ಮಗುವೊಂದು ಎಳೆದರೂ ಹರಿಯುವಂಥದ್ದು, ಅದನ್ನು ಕಾಯುತ್ತಲೇ ಅವನು ಹೆಂಗಸರನ್ನು ಬಡಿಯುತ್ತಿದ್ದ.

"ಹೊಡೀರಿ ಧಣಿ" ಎಂದಳು ಸುಂಕಮ್ಮ. ರಕ್ತ ಗಲ್ಲದಿಂದ ಇಳಿಯುತ್ತಿತ್ತು. "ಹೊಡದು ಹೊಡದು ದಣದ ಮ್ಯಾಲ ಅನ್ರಿ. ನಾ ಎಲ್ಲೂ ಹೋಗಂಗಿಲ್ಲ. ನೀವೂ ಹೋಗಂಗಿಲ್ಲ."

ಅವನು ಬೆತ್ತವನ್ನು ಎರಡೂ ಕೈಯಿಂದ ಎತ್ತಿ ಬೀಸಿದ. ಆ ಒಂದು ಏಟಿಗೆ ಮಾತ್ರ ಅವಳು ತಲೆ ಬಗ್ಗಿಸಿದಳು. ಬೆತ್ತ ಗಾಳಿ ಸೀಳಿತು, ಬೆತ್ತದ ಹಿಂದೆ ಧಣಿಯೂ ಹೋದ, ಕಾಲಿನ ಗಂಟು ಫಟ್ಟನೆ ಹರಿಯಿತು. ಮಡಿಯಲ್ಲಿ ಬೋರಲು ಬಿದ್ದವನು ಕೆಸರಿನ ಬಾಯಿ ಒರೆಸುವ ಮೊದಲು ನೋಡಿಕೊಂಡದ್ದು ತನ್ನ ಕಾಲನ್ನು.

"ಮುಗೀತು" ಎಂದಳು ಸುಂಕಮ್ಮ. "ಕೊಡದ ಕಾಲು ಕಿತ್ರಿ. ಮಡಿ ಜೊಳ್ಳಾತು. ಜೊಳ್ಳು ಯಾಕ ನಿಲ್ಲಬೇಕು?"

ಅವಳು ಮಡಿಗೆ ಇಳಿದು, ತಾನೇ ಒತ್ತಿದ ಮೊದಲ ಬುಡಕ್ಕೆ ಕೈ ಹಾಕಿ ಕಿತ್ತಳು. ಇನ್ನೊಂದು. ಮತ್ತೊಂದು.

"ಏ, ಏ! ಕೀಳಬ್ಯಾಡ್ರಲೇ! ಕೂಲಿ ಒಂದ್ ಪೈಸಾ ಕೊಡಂಗಿಲ್ಲ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೂಲಿ ಎಂದರೆ ಮನೆಯ ಒಲೆ. ಮುರಿದ ಕೈಯನ್ನು ಸೆರಗಿನಲ್ಲಿ ಜೋತುಬಿಟ್ಟುಕೊಂಡ ಮಾರೆಮ್ಮ ಎಲ್ಲರಿಗಿಂತ ಮೊದಲು ಇಳಿದಳು. "ಇವನವ್ವನ, ಒಂದು ಕೈ ಐತಲ್ಲ, ಸಾಕು" ಎಂದು ಬಗ್ಗಿದಳು. ಆಮೇಲೆ ಎಲ್ಲರೂ ಇಳಿದರು.

ಬದುವಿನಲ್ಲಿ ಜೀಪಿನ ಬಳಿ ನಿಂತಿದ್ದ ಡ್ರೈವರ್ ಸುಭಾಷ್ ಆಗಲೇ ಊರಿಗೆ ಫೋನು ಹಚ್ಚಿದ್ದ. ಧಣಿ ಕೆಸರಿನಲ್ಲೇ ಕೂತು ಮೊದಲು ಬೈದ, ಆಮೇಲೆ ಕುರಿ ಕೊಡುವ ಮಾತಾಡಿದ, ಹೊಲದ ಕಾಲು ಭಾಗ ಬರಿದಾಗುವ ಹೊತ್ತಿಗೆ ಅವನ ದನಿ ಇಳಿಯಿತು.

"ಆತು ಬಿಡ್ರಲೇ… ಅವ ಕಳ್ಳ ಅಲ್ಲ."

ಸುಂಕಮ್ಮನ ಕೈ ನಿಂತಿತು. ಎರಡು ವರ್ಷ ಕಾದ ಮಾತು ಅದು. ಕೇಳಿ ಎದೆ ಒಡೆದು ಅಳು ಬಂತು, ಅವಳು ನುಂಗಿಕೊಂಡಳು.

"ಯಾರಿಗೂ ಕೇಳಿಲ್ಲ ಧಣಿ. ಎದ್ದು ನಿಂತು ಅನ್ರಿ. ಸ್ಟಾರ್ಟರ್ ಯಾರು ಒತ್ತಿದ್ರು, ಅದನ್ನೂ ಅನ್ರಿ."

ಅವನು ಎದ್ದು ನಿಂತ. ಬಾಯಿ ತೆರೆದ. ಅಷ್ಟರಲ್ಲಿ ಕಾಲುವೆಯ ಏರಿಯ ಮೇಲೆ ಅವನ ಟ್ರ್ಯಾಕ್ಟರು ಕಾಣಿಸಿತು, ಟ್ರೇಲರ್ ತುಂಬ ಬಡಿಗೆ ಹಿಡಿದ ಗಂಡಸರು. ಧಣಿ ಬಾಯಿ ಮುಚ್ಚಿದ. ಮುಖಕ್ಕೆ ಹಳೆಯ ಬಣ್ಣ ಬಂತು.

"ಇನ್ನ ನೋಡ್ರಿ ನಿಮ್ಮವ್ವನ…" ಎಂದ.

ಟ್ರ್ಯಾಕ್ಟರು ಏರಿ ಇಳಿದು ಹೊಲದ ದಾರಿಗೆ ತಿರುಗಿತು. ಮಾರೆಮ್ಮ ಒಮ್ಮೆ ತಲೆ ಎತ್ತಿ ಸುಂಕಮ್ಮನನ್ನು ನೋಡಿದಳು. ಸುಂಕಮ್ಮ ಟವಲಿನಿಂದ ಗಲ್ಲಕ್ಕೆ ಇಳಿಯುತ್ತಿದ್ದ ರಕ್ತ ಒರೆಸಿಕೊಂಡಳು. ಈ ಸಲ ಟವಲನ್ನು ಮುಖಕ್ಕೆ ಸುತ್ತಿಕೊಳ್ಳಲಿಲ್ಲ, ಸೊಂಟಕ್ಕೆ ಬಿಗಿದಳು. ಬಗ್ಗಿ, ಮುಂದಿನ ಬುಡಕ್ಕೆ ಕೈ ಹಾಕಿದಳು.