ಸಹಿಯ ಕೆಳಗಿನ ಸಾಲುಗಳು

ನಾನು ಒಂದು ಕಾಗದವಲ್ಲ, ಕಾಗದಗಳ ಗೊಂಚಲು. ನಲವತ್ತಮೂರು ಇನ್‌ಲ್ಯಾಂಡ್ ಪತ್ರಗಳು ಸೇರಿ ನಾನಾದೆ. ಬರೆದವರೇನು ಸಾಮಾನ್ಯರೇ? ಕಾದಂಬರಿಕಾರ ಮುರಿಗೆಪ್ಪ ನರೇಗಲ್! ಅವರ ‘ಬಾವಿಯೊಳಗಿನ ಏಳು ಊರು’ ಓದಿದ ಮಕ್ಕಳು ಕಂಡ ಕಂಡ ಬಾವಿಗೆಲ್ಲ ಇಣುಕಿ ಬೈಸಿಕೊಳ್ಳುತ್ತಿದ್ದರಂತೆ. ಜಂಬ ಅನ್ನುವಿರಾ, ಅನ್ನಿ. ನನಗೇನೂ ಬೇಸರವಿಲ್ಲ.

ಹುಟ್ಟಿದ್ದು ಧಾರವಾಡದ ಬಾಡಿಗೆ ಕೋಣೆಯಲ್ಲಿ, ಬೆಳೆದದ್ದು ಗದಗಿನ ಖಾನಾವಳಿಯಲ್ಲಿ. ಖಾನಾವಳಿ ನಡೆಸುತ್ತಿದ್ದವರು ಮುರಿಗೆಪ್ಪನವರ ಅಕ್ಕ ನೀಲವ್ವ. ಕಾಗದ ಬಂದ ಹಾಗೆಲ್ಲ ಓದಿಸಿ, ಒಲೆಯ ಪಕ್ಕದ ಗೋಡೆಗೆ ನೇತುಬಿಟ್ಟ ತಂತಿಗೆ ಚುಚ್ಚುತ್ತಿದ್ದರು. ಹೀಗೆ ನಾನು ವರ್ಷ ವರ್ಷಕ್ಕೆ ದಪ್ಪಗಾದೆ. ನಡುವೆ ಒಂದು ತೂತು, ಮೈತುಂಬ ಒಗ್ಗರಣೆಯ ವಾಸನೆ.

ಓದುತ್ತಿದ್ದವರು ದಿನವೂ ಊಟಕ್ಕೆ ಬರುತ್ತಿದ್ದ ದ್ಯಾಮಣ್ಣ ಮಾಸ್ತರರು. “ಮಾಸ್ತರ, ಕೈಗೆ ಹಿಟ್ಟ ಹತ್ತೇತ್ರಿ. ಒಂದೀಟ ಓದಿ ಹೇಳ್ರಿ” ಎಂದು ನೀಲವ್ವ ಕೊಡುತ್ತಿದ್ದರು. ಹಿಟ್ಟು ಹತ್ತಿದ್ದೇನೋ ನಿಜ. ಆದರೆ ಅವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ, ಅದು ಯಾರಿಗೂ ಗೊತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ “ಓದೂದು ಕಲತೇನಿ” ಎಂದು ತಮ್ಮನಿಗೆ ಹೇಳಿಬಿಟ್ಟಿದ್ದರು. ಕಾಲೇಜಿನಲ್ಲಿದ್ದ ತಮ್ಮ ಹಿಗ್ಗಿ ಹೀರೇಕಾಯಿಯಾಗಿದ್ದ. ಆಮೇಲೆ ಸುಳ್ಳು ಎನ್ನುವುದು ಹೇಗೆ?

ಮಾಸ್ತರರು ದೊಡ್ಡ ಗಂಟಲಿನಲ್ಲಿ ಓದುತ್ತಿದ್ದರು, ಉಣ್ಣುವವರೆಲ್ಲ ಕೇಳುತ್ತಿದ್ದರು. ‘ಇತಿ ನಿನ್ನ ತಮ್ಮ ಮುರಿಗೆಪ್ಪ’ ಎಂಬಲ್ಲಿಗೆ ಬಂದು ಮಡಚಿ ಕೊಟ್ಟುಬಿಡುತ್ತಿದ್ದರು. ಸಹಿಯ ಕೆಳಗೆ, ಅಂಟಿಸುವ ಪಟ್ಟಿಯ ಒಳಗಡೆ, ಸಣ್ಣ ಅಕ್ಷರದಲ್ಲಿ ಇನ್ನೂ ಕೆಲವು ಸಾಲು ಇರುವುದು ಅವರಿಗೆ ಕಾಣದೆ ಇರಲಿಲ್ಲ. ಸಹಿಯ ಕೆಳಗಿನದು ಮನೆಯವರ ಖಾಸಗಿ ಮಾತು, ಹತ್ತು ಜನರ ಮುಂದೆ ಓದುವುದು ಮರ್ಯಾದೆಯಲ್ಲ, ಕೈ ತೊಳೆದ ಮೇಲೆ ನೀಲವ್ವನೇ ಓದಿಕೊಳ್ಳುತ್ತಾರೆ ಎಂದು ತಿಳಿದಿದ್ದರು. ಒಳ್ಳೆಯ ಮನುಷ್ಯ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಪುಸ್ತಕ ಅಚ್ಚಾಗುವ ಮುಂಚೆ ಬಂದ ಪತ್ರದ ಆ ಸಾಲುಗಳಲ್ಲಿ ಏನಿತ್ತು ಗೊತ್ತೆ? ‘ಅಕ್ಕಾ, ಸಣ್ಣವನಿದ್ದಾಗ ಬಾವಿಯೊಳಗಿನ ಊರಿನ ಕಥಿ ನನಗ ಹೇಳಿದಾಕಿ ನೀನು. ಪುಸ್ತಕದ ಮ್ಯಾಲ ನನ್ನ ಹೆಸರಿನ ಜೋಡಿ ನಿನ್ನ ಹೆಸರು ಹಾಕಿಸಲೇನ? ನಿನ್ನ ಗಂಡನ ಮನಿಯವರು ಏನರ ಅಂದಾರು, ಅದಕ್ಕ ಕೇಳತೇನಿ. ಹೂಂ ಅಂದರ ಸಾಕು.’

ಉತ್ತರ ಹೋಗಲಿಲ್ಲ. ಅಕ್ಕನಿಗೆ ಬೇಡವಾಗಿದೆ ಎಂದುಕೊಂಡರು ಮುರಿಗೆಪ್ಪ, ಪುಸ್ತಕ ಅವರೊಬ್ಬರ ಹೆಸರಿನಲ್ಲೇ ಬಂತು. ಗಿರಾಕಿಗಳು ಅದರ ಕಥೆ ಹೇಳುವುದನ್ನು ಕೇಳಿದ ನೀಲವ್ವನ ಕೈಯಲ್ಲಿನ ರೊಟ್ಟಿ ಹರಿಯಿತು. “ಆ ಊರು ನಾ ಕಟ್ಟಿದ್ದು. ತಗೊಂಡ ಹೋಗಾಂವ ಅಕ್ಕನ್ನ ಒಂದ ಮಾತ ಕೇಳಬಾರದಿತ್ತೇನ?” ಎಂದು ಒಲೆಯ ಮುಂದೆ ಅತ್ತರು. ಕೇಳಿದ್ದಾನವ್ವಾ, ಇಲ್ಲೇ ನನ್ನ ಹೊಟ್ಟೆಯಲ್ಲೇ ಇದೆ ಎಂದು ನಾನು ಹೇಗೆ ಹೇಳಲಿ? ಅಂಥ ಸಂಕಟ ನನ್ನ ವೈರಿಗೂ ಬೇಡ.

ಒಮ್ಮೆ ಮುರಿಗೆಪ್ಪನವರೇ ಬಂದರು. ಅಕ್ಕ ಮುಖ ತಿರುಗಿಸಿ ಹಿಟ್ಟು ನಾದುತ್ತಲೇ ಇದ್ದರು. ಮುರಿಗೆಪ್ಪನವರು ಬಂದ ದಾರಿಯಲ್ಲೇ ಹೊರಟುಹೋದರು. ಪತ್ರಗಳು ಮಾತ್ರ ನಿಲ್ಲಲಿಲ್ಲ. ಆಮೇಲಿನ ಪ್ರತಿ ಸಹಿಯ ಕೆಳಗೂ ಒಂದೇ ಮಾತು: ‘ಅಕ್ಕಾ, ಇನ್ನೂ ಸಿಟ್ಟಿನ್ಯಾಗ ಅದಿಯೇನ?’ ಹಾಗೆಯೇ ಇಪ್ಪತ್ತಾರು ವರ್ಷ ಕಳೆದವು. ಮಾಸ್ತರರು ತೀರಿಕೊಂಡರು. ಮರುವರ್ಷ ಮುರಿಗೆಪ್ಪನವರೂ ಹೋದರು.

ಅವರ ಪತ್ರಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಲು ರೇಣುಕಾ ತೊರಗಲ್ ಎಂಬ ಅಧ್ಯಾಪಕಿ ಬಂದರು. ನನ್ನನ್ನು ತಂತಿಯಿಂದ ಬಿಡಿಸಿ, ಒಂದೊಂದೇ ಪಟ್ಟಿ ತೆರೆದು ನೋಡಿ ಕೇಳಿದರು:

“ಅಮ್ಮಾರ, ಸಹಿ ಕೆಳಗ ಬರದದ್ದನ್ನೂ ಅಚ್ಚ ಹಾಕಿಸಬಹುದೇನ್ರಿ?”

“ಸಹಿ ಕೆಳಗ ಏನೈತಿ?”

“ನೀವು ಓದಿಲ್ಲೇನ್ರಿ?”

ಊಟಕ್ಕೆ ಕೂತಿದ್ದ ಏಳೆಂಟು ಜನ ಇತ್ತ ನೋಡಿದರು. ನೀಲವ್ವ ಸೆರಗಿಗೆ ಕೈ ಒರೆಸಿಕೊಂಡರು. “ನನಗ ಓದಾಕ ಬರಂಗಿಲ್ಲವ್ವಾ” ಎಂದರು. ಎಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ.

ರೇಣುಕಾ ಓದಿದರು. ನಲವತ್ತಮೂರನ್ನೂ ಓದಿದರು. ಒಲೆಯ ಮೇಲಿನ ರೊಟ್ಟಿ ಸೀದು ಕರಕಲಾಯಿತು, ಯಾರೂ ಎತ್ತಲಿಲ್ಲ. ನೀಲವ್ವ ನನ್ನ ಮೇಲೆ ಕೈಯಿಟ್ಟರು. ಆಮೇಲೆ “ನಾ ಹೇಳತೇನಿ, ಬರಕೋರವ್ವಾ” ಎಂದರು.

ಈಗ ನಾನು ಧಾರವಾಡದ ಒಂದು ಗ್ರಂಥಾಲಯದ ಕಪಾಟಿನಲ್ಲಿದ್ದೇನೆ. ಅಂಚುಗಳು ಪುಡಿಯಾಗುತ್ತಿವೆ. ಮಾತು ಬರೆದರೆ ಸಾಲದು, ಅದು ಮುಟ್ಟಬೇಕು ಎಂಬುದು ನನಗೆ ತಿಳಿದ ಮಟ್ಟಿನ ಬುದ್ಧಿ. ನನ್ನಲ್ಲಿ ಈಗ ನಲವತ್ತನಾಲ್ಕು ಕಾಗದಗಳು. ಕೊನೆಯದು ಮುರಿಗೆಪ್ಪನವರದಲ್ಲ, ಅವರಿಗೆ ನೀಲವ್ವ ಬರೆಯಿಸಿದ್ದು:

‘ತಮ್ಮಾ, ನಾ ಓದೂದು ಕಲತೇನಿ ಅಂದದ್ದು ಸುಳ್ಳು. ನೀ ಅಷ್ಟ ಖುಷಿಪಟ್ಟಿ, ಹೇಳಾಕ ಬಾಯಿ ಬರಲಿಲ್ಲ. ನೀ ಕೇಳಿದ್ದು ನನಗ ಇವತ್ತ ತಿಳೀತು. ಹೂಂ, ಹಾಕಸು.’