ಮೂರು ಮನೆಗಳ ಆಯೇರಿ

“ಒಬ್ಬರು ಆಯೇರಿ ಮಾಡಿದ ಮ್ಯಾಲ ನಾವು ಹೊಳ್ಳಿ ಮಾಡಾಕಬೇಕು ಮೇಡಂ. ಅದೂ ಬಂದದ್ದಕ್ಕಿಂತ ಒಂದ ಎಳಿ ಹೆಚ್ಚಿಗಿ. ಇಲ್ಲಂದ್ರ ಮಂದ್ಯಾಗ ಮಾರಿ ಉಳೀತೈತೇನು?”

ಇಷ್ಟು ಹೇಳಿ ಮಲಕಾಜಪ್ಪ ಸರ್ ಚಹಾದ ಕಪ್ಪನ್ನು ಎದುರಿಗೆ ಕೂತ ಉಪನ್ಯಾಸಕಿ ಶ್ರೀದೇವಿಯ ಲೇಖನದ ಮೇಲೆಯೇ ಇಟ್ಟರು. ಮಾತು ಲಗ್ನದ ಮನೆಯಲ್ಲಿ ಉಡುಗೊರೆ ಕೊಡುವ ಸೀರೆಯದಲ್ಲ, ಸೈಟೇಶನ್ನಿನದು, ಅಂದರೆ ಒಬ್ಬರ ಲೇಖನದಲ್ಲಿ ಇನ್ನೊಬ್ಬರ ಲೇಖನವನ್ನು ಉಲ್ಲೇಖಿಸುವುದರದು. ಬನಹಟ್ಟಿಯ ಆ ಕಾಲೇಜಿನಲ್ಲಿ ಸರ್ ವಿಭಾಗದ ಮುಖ್ಯಸ್ಥರು. ಅದಕ್ಕಿಂತ ದೊಡ್ಡದಾಗಿ, ‘ಲಾಳಿ’ ಎಂಬ ತ್ರೈಮಾಸಿಕ ಸಂಶೋಧನಾ ಪತ್ರಿಕೆಯ ಪ್ರಧಾನ ಸಂಪಾದಕರು. ತ್ರೈಮಾಸಿಕ ಅಂದಮಾತ್ರಕ್ಕೆ ಮೂರು ತಿಂಗಳಿಗೊಮ್ಮೆ ಬರಲೇಬೇಕೆಂಬ ಹಟ ‘ಲಾಳಿ’ಗೆ ಇರಲಿಲ್ಲ. ದೀಪಾವಳಿ ಮುಂದೆ ನಾಲ್ಕೂ ಸಂಚಿಕೆಗಳು ಒಂದೇ ರಟ್ಟಿನೊಳಗೆ ಅಣ್ಣತಮ್ಮಂದಿರಂತೆ ಕೂಡಿ ಬರುತ್ತಿದ್ದವು.

ಈಗ ಅದಕ್ಕೆ ಪರದೇಶದ ದೊಡ್ಡ ಡೇಟಾಬೇಸಿನಲ್ಲಿ ಸೇರುವ ಆಸೆ ಹುಟ್ಟಿತ್ತು. ಜಗತ್ತಿನ ಯಾವ ಪತ್ರಿಕೆ ಓದಲು ಯೋಗ್ಯ, ಯಾವುದು ಅಲ್ಲ ಎಂದು ಆರಿಸಿ ಪಟ್ಟಿ ಮಾಡುವವರು ಆ ಡೇಟಾಬೇಸಿನವರು. ಹೆಣ್ಣು ನೋಡಲು ಬಂದವರ ಹಾಗೆ ಅವರ ಪ್ರಶ್ನೆಗಳು: ಹೇಳಿದ ವೇಳೆಗೆ ಹೊರಡುತ್ತದೆಯೇ? ಸಂಪಾದಕ ಮಂಡಳಿಯಲ್ಲಿ ಬೇರೆ ಬೇರೆ ದೇಶದವರಿದ್ದಾರೆಯೇ? ಲೇಖನಗಳನ್ನು ಹೊರಗಿನ ವಿದ್ವಾಂಸರು ಓದಿ ಒರೆಗೆ ಹಚ್ಚುತ್ತಾರೆಯೇ? ಕಡೆಗೆ, ಬೇರೆಯವರು ನಿಮ್ಮನ್ನು ಎಷ್ಟು ಉಲ್ಲೇಖಿಸುತ್ತಾರೆ?

ಸರ್ ಒಂದೊಂದಕ್ಕೂ ದಾರಿ ಹುಡುಕಿದರು. ಮಂಡಳಿಗೆ ಪರದೇಶದವರು ಬೇಕೆಂದಾಗ, ಮಸ್ಕತ್ತಿನಲ್ಲಿ ನೀರಿನ ಬಾಟಲಿ ಕಂಪನಿಯೊಂದರ ಲೆಕ್ಕ ಬರೆಯುತ್ತಿದ್ದ ತಮ್ಮ ಅಣ್ಣನ ಮಗ ಸೋಮಲಿಂಗನಿಗೆ ಫೋನ್ ಹಚ್ಚಿದರು.

“ಕಾಕಾ, ಅದರಾಗ ನಾ ಏನ ಮಾಡಬೇಕು?”

“ಏನೂ ಮಾಡಬ್ಯಾಡಪಾ. ಅಲ್ಲೇ ಇರು, ಸಾಕು.”

ಸೋಮಲಿಂಗ ಅಲ್ಲೇ ಇದ್ದ. ಮಂಡಳಿ ಅಂತಾರಾಷ್ಟ್ರೀಯವಾಯಿತು.

ಉಲ್ಲೇಖದ ಮಾತಿಗೆ ಬಂದಾಗ ಸರ್‌ಗೆ ನಮ್ಮ ಕಡೆಯ ಪದ್ಧತಿಯೇ ಕೈಹಿಡಿಯಿತು. ಸ್ಕೂಟರ್ ಹತ್ತಿ ಮುಧೋಳಕ್ಕೆ ಹೋದರು. ಅಲ್ಲಿ ಗೆಳೆಯನೊಬ್ಬ ಇನ್ನೊಂದು ಪತ್ರಿಕೆಯ ಸಂಪಾದಕ. ಬೀಳಗಿಯಲ್ಲಿ ಮತ್ತೊಬ್ಬ. ಮಿರ್ಚಿ ಭಜಿ ತಿನ್ನುತ್ತ ಮೂವರೂ ಬೀಗತನ ಮಾಡಿದರು: ನಮ್ಮ ಲೇಖನದ ಕೊನೆಯಲ್ಲಿ ನಿಮ್ಮವರ ಹೆಸರು, ನಿಮ್ಮ ಲೇಖನದ ಕೊನೆಯಲ್ಲಿ ನಮ್ಮವರದು. ‘ಲಾಳಿ’ ಮೊದಲು ಹತ್ತು ಉಲ್ಲೇಖಗಳ ಆಯೇರಿ ಮಾಡಿತು. ಮುಧೋಳದವರು ಕಡಿಮೆ ಅನ್ನಿಸಿಕೊಂಡಾರೇ, ಹನ್ನೆರಡು ತಿರುಗಿಸಿದರು. ಬೀಳಗಿಯವರಿಗೆ ಮಾನ ಹೋದಂತಾಗಿ ಇಪ್ಪತ್ತು ಹೊರಿಸಿ ಕಳಿಸಿದರು. ಹಿನ್ನೀರಿನ ಮೀನಿನ ಕುರಿತು ಬೀಳಗಿಯಲ್ಲಿ ಒಬ್ಬರು ಬರೆದ ಲೇಖನದಲ್ಲಿ, ಬನಹಟ್ಟಿಯ ಕುಪ್ಪಸದ ಬಣ್ಣಗಳ ಬಗ್ಗೆ ಆರು ಉಲ್ಲೇಖಗಳು ಈಜುತ್ತಿದ್ದವು. ಮೀನುಗಳು ತಕರಾರು ಮಾಡಲಿಲ್ಲ.

“ಈಗ ನಿಮ್ಮ ಪಾಳಿ. ನಿಮ್ಮ ಲೇಖನದಾಗ ಬೀಳಗಿಯವರದು ಒಂದ ಡಜನ್ ಹಾಕ್ರಿ,” ಎಂದರು ಸರ್ ಶ್ರೀದೇವಿಗೆ, ಚಹಾ ಮುಗಿಸುತ್ತ.

“ಸರ್ರ, ನಂದು ಪಾವರಲೂಮ್ ಹೆಣ್ಣಮಕ್ಕಳ ಕಿವಿ ಬಗ್ಗೆ. ಅವರದು ಮೀನು, ಕಬ್ಬು...”

“ಮೀನಿಗೆ ಕಿವಿ ಇರೂದಿಲ್ಲೇನು?”

ಶ್ರೀದೇವಿ ಅರ್ಥಶಾಸ್ತ್ರದ ಉಪನ್ಯಾಸಕಿ, ನೇಕಾರರ ಮನೆಯ ಮಗಳು. ಜಮಖಂಡಿಯ ಕಿವಿ ಡಾಕ್ಟರರನ್ನು ಕಾಡಿ ಬೇಡಿ ಕರೆತಂದು, ಮಗ್ಗದ ಸದ್ದಿನಲ್ಲೇ ದುಡಿದ ಹೆಂಗಸರನ್ನು ಶೆಡ್ಡುಗಳಲ್ಲಿ ಮಗ್ಗ ನಿಲ್ಲಿಸಿ ಕೂರಿಸಿ ಅವರಿಗೆ ಎಷ್ಟು ಕೇಳುತ್ತದೆ, ಎಷ್ಟು ಕೇಳುವುದಿಲ್ಲ ಎಂದು ಅಳೆಸಿದ್ದಳು. ಮೊದಲು ಅಳೆದದ್ದು ಅವ್ವ ಅನಸವ್ವನ ಕಿವಿಯನ್ನು. ಹೊಸ ವರ್ಷಕ್ಕೆ ಅವಳ ಬಡ್ತಿಯ ಸಂದರ್ಶನ. ಅಷ್ಟರೊಳಗೆ ಇಂಡೆಕ್ಸ್ ಆದ, ಅಂದರೆ ಅಂಥ ಪಟ್ಟಿಗೆ ಸೇರಿದ ಪತ್ರಿಕೆಯಲ್ಲಿ ಒಂದು ಲೇಖನ ಬಂದಿರಲೇಬೇಕು. ಬೇರೆ ಕಡೆ ಕಳಿಸಿದರೆ ವರ್ಷ ಕಾಯಬೇಕು. ‘ಲಾಳಿ’ ಇನ್ನೇನು ಪಟ್ಟಿಗೆ ಸೇರಿತು ಎನ್ನುತ್ತಾರೆ ಸರ್. ಅವಳು ಹನ್ನೆರಡನ್ನೂ ಹಾಕಿದಳು. ಹಾಕುವಾಗ ಒಂದರ ಹೆಸರನ್ನೂ ಪೂರ್ತಿ ಓದಲಿಲ್ಲ, ನಾಚಿಕೆಗೆ.

ಮನೆಯಲ್ಲಿ ಅನಸವ್ವ ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತ ಕೇಳಿದಳು, “ಏನ ಬರದಿ ನನ್ನ ಬಗ್ಗೆ?”

“ನಿನಗ ಕೇಳೂದಿಲ್ಲಂತ ಬರದೀನಿ ಯವ್ವಾ.”

“ಆಂ?”

“ಕೇಳೂದಿಲ್ಲಂತ!”

“ಹಂಗ್ಯಾಕ ಒದರತಿ, ಕೇಳತೈತಿ.” ತುಂಬಿದ ಕಂಡಿಕೆ ತೆಗೆದಿಡುತ್ತ, “ಅದನ್ನ ಓದಿದವರು ಏನ ಮಾಡತಾರ?”

‘ಲಾಳಿ’ಯನ್ನು ಓದಿದವರು ಶ್ರೀದೇವಿಗೆ ಇನ್ನೂ ಭೆಟ್ಟಿಯಾಗಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಪರದೇಶದಿಂದ ಮೇಲ್ ಬಂತು. ಬಹಳ ಸಭ್ಯವಾದ ಮೇಲ್. ‘ಲಾಳಿ’ಯನ್ನು ಉಲ್ಲೇಖಿಸುವವರು ಎರಡೇ ಪತ್ರಿಕೆಯವರು, ‘ಲಾಳಿ’ ಉಲ್ಲೇಖಿಸುವುದೂ ಆ ಎರಡನ್ನೇ, ಆದ್ದರಿಂದ ಅರ್ಜಿ ತಿರಸ್ಕೃತ, ಕೆಲ ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ ಎಂದಿತ್ತು. ಕೊನೆಗೆ ತಮ್ಮ ಪಟ್ಟಿಯ ಮೇಲಿನ ಆಸಕ್ತಿಗೆ ಧನ್ಯವಾದ ಹೇಳಿದ್ದರು. ಸರ್ ಆ ಧನ್ಯವಾದದ ಸಾಲನ್ನಷ್ಟೇ ಸ್ಟಾಫ್ ರೂಮಿನಲ್ಲಿ ಓದಿ ಹೇಳಿದರು.

ಉಳಿದದ್ದನ್ನು ಶ್ರೀದೇವಿಗೆ ಹೇಳಲು ರವಿವಾರ ಅವಳ ಮನೆಗೇ ಬಂದರು. ಹಿಂದಿನ ವಾರ ಅಲ್ಲಿ ಮಾಳಿಗೆಯ ಮೇಲೆ ಹೊಸ ಖೋಲಿ ಕಟ್ಟಿಸಿದ ಪೂಜೆಯಿತ್ತು. ಆಗ ಬರಲಾಗಿರಲಿಲ್ಲವೆಂದು ಸೀರೆಯ ಪಾಕೀಟೊಂದನ್ನು ಅನಸವ್ವನ ಕೈಗಿತ್ತರು. ಅನಸವ್ವ ಹಣೆಗೊತ್ತಿಕೊಂಡು ಉಪ್ಪಿಟ್ಟು ತಂದಿಟ್ಟಳು.

“ನಾವು ಮೂರಾ ಮನಿ ಇದ್ದಿವಿ, ಅದಕ್ಕ ಸಿಕ್ಕಬಿದ್ದಿವಿ,” ಎಂದರು ಸರ್ ಉಪ್ಪಿಟ್ಟಿನ ಬಿಸಿ ಊದುತ್ತ. “ತೇರದಾಳದವರನ್ನ, ಜಮಖಂಡಿಯವರನ್ನ ಕೂಡಿಸ್ಕೊಂಡ್ರ ಯಾರು ಯಾರಿಗೆ ಕೊಟ್ಟಾರ ಅಂತ ಅವರಪ್ಪಗೂ ತಿಳಿಯೂದಿಲ್ಲ. ನಿಮ್ಮ ಲೇಖನದಾಗ ಇನ್ನೊಂದ ನಾಕ ಸೇರಿಸಿಬಿಡ್ರಿ.”

“ಸರ್ರ, ಆ ಲೇಖನ ಹೊಳ್ಳಿ ಕೊಟ್ಟಬಿಡ್ರಿ.”

“ಕೊಟ್ಟ ಆಯೇರಿ ಯಾರರೆ ಹೊಳ್ಳಿ ಕೇಳತಾರೇನು ಮೇಡಂ?”

“ಅದು ಆಯೇರಿ ಅಲ್ರಿ. ನಮ್ಮವ್ವನ ಕಿವಿ ಅದು.”

ಸರ್ ಚಮಚ ಕೆಳಗಿಟ್ಟರು. “ಬಡ್ತಿ?”

“ಈ ಸಲ ಇಲ್ರಿ.”

“ಮುಂದಿನ ಸಲ ಯಾವಾಗಂತ ಗೊತ್ತೈತೇನು? ನಾನs ಮುಖ್ಯಸ್ಥ ಅದೀನಿ, ಇನ್ನಾ ಐದ ವರ್ಷ.”

“ಗೊತ್ತೈತ್ರಿ. ಇನ್ನಾ ಐದ ವರ್ಷ ಒಬ್ಬರ ಮಾರಿ ಒಬ್ಬರು ನೋಡಬೇಕಲ್ರಿ, ಅದಕ್ಕs ಉಪ್ಪಿಟ್ಟ ಪೂರಾ ತಿಂದು ಹೋಗ್ರಿ.”

ಅನಸವ್ವ ಇಬ್ಬರ ಮುಖವನ್ನೂ ನೋಡಿದಳು. “ಏನಂತಾರ ಸರ್ರು?”

“ಸೀರಿ ಉಟ್ಕೊಳ್ರಿ ಅಂತಾರ ಯವ್ವಾ,” ಎಂದು ಶ್ರೀದೇವಿ ಕೂಗಿ ಹೇಳಿದಳು.

ಸರ್ ಹೋದ ಮೇಲೆ ಅನಸವ್ವ ಪಾಕೀಟನ್ನು ಬೆಳಕಿಗೆ ಹಿಡಿದಳು. ಪ್ಲಾಸ್ಟಿಕ್ಕಿನ ಮೇಲೆ ಕುಂಕುಮದ ಬೊಟ್ಟುಗಳು ಒಂದರ ಮೇಲೊಂದು ಒಣಗಿದ್ದವು. ಎಷ್ಟು ಮನೆ ತಿರುಗಿತ್ತೋ, ಒಬ್ಬರೂ ಬಿಚ್ಚಿರಲಿಲ್ಲ. ಬದನೆ ಬಣ್ಣದ ಒಡಲು, ಅರಿಶಿನದ ದಡಿ. ಸರ್ ಮಗಳ ಲಗ್ನಕ್ಕೆ ಅನಸವ್ವ ತನ್ನ ಮಗ್ಗದಿಂದಲೇ ಇಳಿಸಿ ಆಯೇರಿ ಮಾಡಿದ ಸೀರೆ ಅದು.

ಹೊಸ ಖೋಲಿಯಲ್ಲಿ ಶ್ರೀದೇವಿ ಲ್ಯಾಪ್‌ಟಾಪ್ ತೆರೆದು ಬೀಳಗಿಯ ಹನ್ನೆರಡನ್ನೂ ಅಳಿಸಿದಳು. ವರ್ಷ ಕಾಯಿಸುವ ಪತ್ರಿಕೆಯ ವಿಳಾಸಕ್ಕೆ ಲೇಖನ ಕಳಿಸಿ ಕೆಳಗಿಳಿದು ಬಂದಾಗ, ಅನಸವ್ವ ಆ ಸೀರೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಕೊಡವಿ, ಉಟ್ಟುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೂಲು ಸುತ್ತಲು ಕೂತಿದ್ದಳು.